ಬೆಡಗು ಜಾತಿಯಲ್ಲ: ತಪ್ಪು ಕಾಲಂಗೆ ಬೀಳುತ್ತಿರುವ ಹೆಸರು

1931ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಜಾತಿಗಳು 4,147. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಸಿಕ್ಕ ಹೆಸರುಗಳು 46 ಲಕ್ಷಕ್ಕೂ ಜಾಸ್ತಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೇಳಿದ್ದು ಕೇಂದ್ರ ಸರ್ಕಾರವೇ, 2021ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ. ಎಂಬತ್ತು ವರ್ಷದಲ್ಲಿ ಜಾತಿಗಳು ಸಾವಿರ ಪಟ್ಟು ಹುಟ್ಟಿಕೊಂಡವಾ? ಇಲ್ಲ. ಗಣತಿಯವರು ಜಾತಿ ಯಾವುದು ಅಂತ ಕೇಳಿದರು. ಜನ ಬಾಯಿಗೆ ಬಂದದ್ದನ್ನು ಹೇಳಿದರು. ಒಬ್ಬರು ಜಾತಿ ಹೇಳಿದರು, ಇನ್ನೊಬ್ಬರು ಉಪಜಾತಿ, ಮತ್ತೊಬ್ಬರು ಗೋತ್ರ, ಮಗದೊಬ್ಬರು ಅಡ್ಡಹೆಸರು. ಒಂದೇ ಹೆಸರನ್ನು ಹತ್ತು ಥರ ಬರೆದುಕೊಂಡವರೂ ಇದ್ದರು. ಎಲ್ಲವೂ ಒಂದೇ ಕಾಲಂಗೆ ಬಂದು ಬಿದ್ದವು.

ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಜಾತಿಯ ಜೊತೆಗೆ ಉಪಜಾತಿಯನ್ನೂ ಕೇಳಿದರು. 2027ರ ಜನಗಣತಿಯಲ್ಲೂ ಜಾತಿ ಬರೆಸಬೇಕು. 1931ರ ನಂತರ ದೇಶದ ಪೂರ್ಣ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದು ಇದೇ ಮೊದಲು. ಹಾಗಾಗಿ ಮದುವೆ ಮಾತುಕತೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಬರದ ಒಂದು ಮಾತಿನ ಬಗ್ಗೆ ಈಗ ಸ್ವಲ್ಪ ಯೋಚಿಸುವುದು ಒಳ್ಳೆಯದು. ಆ ಮಾತು ‘ಬೆಡಗು’, ಒಂದು ಜಾತಿಯ ಒಳಗಿನ ಕುಲದ ಹೆಸರು.

ಸಾಹಿತ್ಯ ಓದಿದವರಿಗೆ ಬೆಡಗು ಅಂದ ತಕ್ಷಣ ಬೆಡಗಿನ ವಚನ ನೆನಪಾಗುತ್ತದೆ. ಉಳಿದವರಿಗೆ ಬೆಡಗು-ಬಿನ್ನಾಣ. ಆದರೆ ಹಳೇ ಮೈಸೂರಿನಲ್ಲೋ, ಚಿತ್ರದುರ್ಗದ ಕಡೆಯೋ, ಬಳ್ಳಾರಿ-ಹಾವೇರಿಯ ಕಡೆಯೋ ಹೆಣ್ಣು ನೋಡಲು ಹೋದ ಹಿರಿಯರು ‘ನಿಮ್ದು ಯಾವ ಬೆಡಗು?’ ಅಂತ ಕೇಳಿದರೆ ಅದರಲ್ಲಿ ಅಂದ-ಚೆಂದದ ಮಾತೇ ಇಲ್ಲ. ಅವರಿಗೆ ಬೇಕಾಗಿರುವುದು ಒಂದೇ ಸಂಗತಿ. ಈ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರಲು ಬರುತ್ತದೋ ಇಲ್ಲವೋ. ಬೆಡಗು ಬೇರೆಯಾದರೆ ಮಾತು ಮುಂದುವರಿಯುತ್ತದೆ. ಒಂದೇ ಬೆಡಗಾದರೆ ‘ಅಯ್ಯೋ, ನಾವು ಅಣ್ಣ-ತಮ್ಮಂದಿರಾಗ್ಬೇಕಲ್ಲ’ ಅಂತ ಕಾಫಿ ಕುಡಿದು ಎದ್ದು ಬರುತ್ತಾರೆ. ಎರಡು ಮನೆಯವರು ಒಬ್ಬರ ಮುಖ ಒಬ್ಬರು ಅದುವರೆಗೆ ನೋಡಿರದಿದ್ದರೂ ಅಷ್ಟೇ.

ಇಲ್ಲಿಯೇ ಜಾತಿಗೂ ಬೆಡಗಿಗೂ ಇರುವ ವ್ಯತ್ಯಾಸ ಇರುವುದು. ಜಾತಿ, ಉಪಜಾತಿ ಅನ್ನುವುದು ‘ಇದರ ಒಳಗೇ ಮದುವೆಯಾಗು’ ಎನ್ನುವ ಗೆರೆ. ಬೆಡಗು ‘ಇದರ ಒಳಗೆ ಮಾತ್ರ ಮದುವೆಯಾಗಬೇಡ’ ಎನ್ನುವ ಗೆರೆ. ಎರಡೂ ಉಲ್ಟಾ. ಜಾತಿಯ ದೊಡ್ಡ ಬೇಲಿಯ ಒಳಗೆ ಬೆಡಗುಗಳಿವೆ, ನಿಜ. ಅದನ್ನು ನೋಡಿ ಬೆಡಗು ಅಂದರೆ ಇನ್ನೂ ಸಣ್ಣ ಜಾತಿ ಅಂದುಕೊಳ್ಳುವುದು ಸುಲಭ. ಆದರೆ ಒಂದು ಬೆಡಗಿನವರು ಇನ್ನೊಂದು ಬೆಡಗು ಇಲ್ಲದೆ ಬಾಳುವಂತಿಲ್ಲ. ಅವರಿಗೆ ಸೊಸೆ ಬರಬೇಕಾದ್ದು ಬೇರೆ ಬೆಡಗಿನ ಮನೆಯಿಂದಲೇ, ಅವರ ಮಗಳು ಹೋಗಬೇಕಾದ್ದೂ ಬೇರೆ ಬೆಡಗಿನ ಮನೆಗೇ. ಒಂದೇ ಬೆಡಗು ತನ್ನಷ್ಟಕ್ಕೆ ತಾನೇ ಒಂದು ಜಾತಿಯಾಗಲು ಸಾಧ್ಯವೇ ಇಲ್ಲ. ಉಪಜಾತಿ ಕಾಲಮ್ಮಿನಲ್ಲಿ ಬೆಡಗು ಬರೆಸಿದರೆ ಅರ್ಥ ಪೂರ್ತಿ ತಿರುಗಿಬೀಳುವುದು ಇದಕ್ಕೇ.

ಇನ್ನು ಹೆಸರುಗಳನ್ನು ನೋಡಿ. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಮೇಲೆ ಏಳು ಸಂಪುಟ ಹೊರತಂದರು. ಅದರಲ್ಲಿ ಕುರುಬರ ಬೆಡಗುಗಳ ದೊಡ್ಡ ಪಟ್ಟಿಯೇ ಇದೆ. ಆನೆ, ಎಮ್ಮೆ, ಚೇಳು, ಇರುವೆ. ಬನ್ನಿ, ಬೇವು, ಜಾಲಿ, ಬಸಳೆ. ಚಂದ್ರ, ಬೆಂಕಿ, ಗಾಳಿ. ಜೀರಿಗೆ, ತುಪ್ಪ, ಹಾಲು. ಬಂಡಿ, ಗುದ್ದಲಿ, ಕಂಬಳಿ. ಮೀಸೆ ಕೂಡ ಇದೆ! ಒಂದು ಹಳ್ಳಿಯ ಬದುಕಿನಲ್ಲಿ ಕಣ್ಣಿಗೆ ಬೀಳುವುದೆಲ್ಲ ಅಲ್ಲಿ ಬಂದುಬಿಟ್ಟಿದೆ. ಇಂಥ ಹೆಸರುಗಳು ಕುರುಬರಲ್ಲಿ ಮಾತ್ರ ಇಲ್ಲ. ಒಕ್ಕಲಿಗರ ಪಂಗಡಗಳಲ್ಲಿ, ಬೇಡರಲ್ಲಿ, ಗೊಲ್ಲರಲ್ಲಿ, ನೇಕಾರರಲ್ಲಿ, ಹೊಲೆಯ-ಮಾದಿಗರಲ್ಲಿ, ಲಿಂಗಾಯತರ ಹಲವು ಪಂಗಡಗಳಲ್ಲಿ ಬೆಡಗು ಇದೆ. ಒಂದೇ ಹೆಸರಿನ ಬೆಡಗು ಬೇರೆ ಬೇರೆ ಜಾತಿಗಳಲ್ಲಿ ಸಿಗುತ್ತದೆ. ಇಬ್ಬರೂ ಆನೆ ಬೆಡಗಿನವರು ಅಂದಮಾತ್ರಕ್ಕೆ ಇಬ್ಬರೂ ಒಂದೇ ಜಾತಿ ಅಂತ ಆಗುವುದಿಲ್ಲ.

ಮೇಲಿನ ಪಟ್ಟಿಯಲ್ಲಿ ಒಂದು ಹೆಸರನ್ನು ಬೇಕೆಂದೇ ಬಿಟ್ಟಿದ್ದೆ. ಅರಿಸಿನ. ಬೆಡಗಿನ ಹೆಸರಿನ ವಸ್ತುವನ್ನು ಆ ಬೆಡಗಿನವರು ಮುಟ್ಟಬಾರದು, ತಿನ್ನಬಾರದು, ಹಾಳುಮಾಡಬಾರದು ಎನ್ನುವ ಕಟ್ಟು ಹಲವು ಕಡೆ ಇತ್ತು. ಈಗ ಯೋಚಿಸಿ. ಅರಿಸಿನದ ಬೆಡಗಿನವರು ಅರಿಸಿನ ಮುಟ್ಟದೆ ಬದುಕುವುದು ಹೇಗೆ? ಸಾರಿಗೆ ಅರಿಸಿನ ಬೇಕು. ಮದುವೆಗೆ ಬೇಕು, ಬಾಣಂತನಕ್ಕೆ ಬೇಕು, ಹೊಸಿಲಿಗೆ ಬೇಕು. ಥರ್ಸ್ಟನ್ ಸಂಪುಟದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಅರಿಸಿನ ಬಿಟ್ಟಿರುವುದು ಕಷ್ಟವಾಗಿ ಆ ಜನ ಅದರ ಜಾಗಕ್ಕೆ ನವಣೆಯನ್ನು ತಂದುಕೊಂಡರಂತೆ. ಹೆಸರು ಮಾತ್ರ ಅರಿಸಿನ ಅಂತಲೇ ಉಳಿಯಿತು. ನನಗೆ ಇದು ಇಡೀ ಏಳು ಸಂಪುಟದಲ್ಲೇ ಬಲು ಇಷ್ಟವಾದ ಸಂಗತಿ. ಹೆಸರು ಬಿಡುವಂತಿಲ್ಲ, ಯಾಕೆಂದರೆ ಮದುವೆಯ ಲೆಕ್ಕ ನಿಂತಿರುವುದು ಹೆಸರಿನ ಮೇಲೆ. ಬೇಡದ್ದು ಕಟ್ಟು ಮಾತ್ರ. ಹಾಗಾಗಿ ಕಟ್ಟನ್ನು ನವಣೆಯ ತಲೆಗೆ ಕಟ್ಟಿದರು. ಯಾವ ಕೆಲಸ ಮುಖ್ಯ, ಯಾವುದು ಅಷ್ಟು ಮುಖ್ಯವಲ್ಲ ಅನ್ನುವುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಉತ್ತರ ಕನ್ನಡದಲ್ಲಿ ಇದೇ ಏರ್ಪಾಟಿಗೆ ‘ಬಳಿ’ ಅನ್ನುತ್ತಾರೆ. ಹಾಲಕ್ಕಿ ಒಕ್ಕಲಿಗರಲ್ಲಿ, ಅಲ್ಲಿನ ಇತರ ಹಲವು ಸಮುದಾಯಗಳಲ್ಲಿ ಬಳಿ ಇದೆ. ನೂರು ವರ್ಷಕ್ಕೂ ಹಿಂದೆ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ವಿವರಗಳಲ್ಲಿ ಕೇದಗೆಯ ಬಳಿಯವರು ಆ ಗಿಡ ಕಡಿಯುವುದಿಲ್ಲ, ಹೂ ಕೀಳುವುದಿಲ್ಲ ಎಂದಿದೆ. ಶಿರೀಷದ ಜಾತಿಯ ಮರದ ಹೆಸರಿನ ಬಳಿಯವರು ಅದರ ನೆರಳಲ್ಲೂ ಕೂರುವುದಿಲ್ಲ ಎಂದೂ ಇದೆ. ತುಳುನಾಡಿಗೆ ಬಂದರೆ ಅದೇ ‘ಬರಿ’. ಕೊಡಗಿನಲ್ಲಿ ‘ಒಕ್ಕ’. ಒಕ್ಕದ ಹೆಸರುಗಳು ಪ್ರಾಣಿ-ಮರದ ಹೆಸರಲ್ಲ, ಮೂಲಪುರುಷನ ಮನೆತನದ ಹೆಸರು. ಆದರೆ ಒಂದೇ ಒಕ್ಕದೊಳಗೆ ಮದುವೆ ಇಲ್ಲ ಎನ್ನುವ ಕಟ್ಟು ಅಲ್ಲೂ ಇದೆ. 1997ರಿಂದ ನಡೆಯುತ್ತಿರುವ ಕೊಡವ ಹಾಕಿ ಹಬ್ಬದಲ್ಲಿ ತಂಡಗಳು ಆಡುವುದು ಒಕ್ಕದ ಹೆಸರಿನಲ್ಲೇ. ಬಯಲುಸೀಮೆಯ ಬೆಡಗಿಗೆ ಅಂಥ ಮೈದಾನ ಸಿಗಲಿಲ್ಲ. ಅದು ಮದುವೆ ಮನೆಯ ಜಗಲಿಯಲ್ಲೇ ಉಳಿಯಿತು.

ಇದಕ್ಕೆಲ್ಲ ವಿದ್ವಾಂಸರು ಇಟ್ಟ ಒಟ್ಟು ಹೆಸರು ‘ಟೋಟೆಮ್’. ಕನ್ನಡದಲ್ಲಿ ಕುಲಚಿಹ್ನೆ, ಕುಲಲಾಂಛನ ಅಂತ ಬರೆಯುತ್ತಾರೆ. ಟೋಟೆಮ್ ಉತ್ತರ ಅಮೆರಿಕದ ದೊಡ್ಡ ಸರೋವರಗಳ ಸುತ್ತ ಇರುವ ಓಜಿಬ್ವೆ ಜನರ ಮಾತು. ಅವರ ‘ದೋದೆಮ್’ ಅಂದರೆ ಕುಲ. ಕೊಕ್ಕರೆ ಕುಲ, ಕರಡಿ ಕುಲ, ಮೀನಿನ ಕುಲ. ಒಂದೇ ದೋದೆಮ್‌ನವರು ಮದುವೆಯಾಗುವಂತಿಲ್ಲ. ನಮ್ಮ ಬೆಡಗಿನ ಹಾಗೇ ಅಲ್ವಾ? ಆದರೆ ಆ ಮಾತು ಹೊರಜಗತ್ತಿಗೆ ಬರುವಾಗಲೇ ಎಡವಿತು. 1791ರಲ್ಲಿ ಜಾನ್ ಲಾಂಗ್ ಎಂಬ ತುಪ್ಪಳದ ವ್ಯಾಪಾರಿ ಅದನ್ನು ಮೊದಲು ಅಚ್ಚಿಗೆ ತಂದ. ಒಬ್ಬೊಬ್ಬ ಮನುಷ್ಯನಿಗೂ ಇರುವ ಕಾವಲು ಪ್ರಾಣಿ, ಅದನ್ನು ಅವನು ಕೊಲ್ಲುವಂತಿಲ್ಲ ಎಂದು ಬರೆದ. ಓಜಿಬ್ವೆಯರಲ್ಲಿ ಅಂಥ ನಂಬಿಕೆಯೂ ಇತ್ತು. ಆದರೆ ಅದು ಬೇರೆ, ಕುಲದ ಹೆಸರು ಬೇರೆ. ಎರಡನ್ನೂ ಅವನು ಒಂದೇ ಚೀಲಕ್ಕೆ ತುಂಬಿಬಿಟ್ಟ.

ಆ ಚೀಲ ಮುಂದೆ ಬೆಳೆಯುತ್ತಲೇ ಹೋಯಿತು. 1869-70ರಲ್ಲಿ ಮೆಕ್ಲೆನನ್ ಎಂಬ ಸ್ಕಾಟಿಷ್ ವಕೀಲ, ಪ್ರಾಣಿ-ಗಿಡಗಳ ಪೂಜೆ ಮಾನವಕುಲ ಹಾದುಬಂದ ಒಂದು ಘಟ್ಟ ಎಂದು ಬರೆದ. 1910ರಲ್ಲಿ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಫ್ರೇಜರ್ ನಾಲ್ಕು ಸಂಪುಟಗಳಲ್ಲಿ ಪ್ರಪಂಚದ ಟೋಟೆಮ್‌ಗಳನ್ನೆಲ್ಲ ರಾಶಿ ಹಾಕಿದ. ಅದರಲ್ಲಿ ದಕ್ಷಿಣ ಭಾರತದ ಕುಲಗಳೂ ಸೇರಿದವು. ಕುಲಕ್ಕೆ ಪ್ರಾಣಿಯ ಹೆಸರು, ಆ ಪ್ರಾಣಿಯ ಪೂಜೆ, ಅದನ್ನು ತಿನ್ನದಿರುವುದು, ಅದೇ ನಮ್ಮ ಪೂರ್ವಜ ಎನ್ನುವ ನಂಬಿಕೆ, ಕುಲದ ಹೊರಗೆ ಮದುವೆ, ಇಷ್ಟೂ ಒಟ್ಟಿಗೇ ಬರುತ್ತವೆ ಎನ್ನುವ ಚಿತ್ರ ಗಟ್ಟಿಯಾಗಿ ನಿಂತಿತು. ಅದೇ 1910ರಲ್ಲಿ ಗೋಲ್ಡನ್‌ವೈಜರ್ ಎಂಬ ಮಾನವಶಾಸ್ತ್ರಜ್ಞ ಇದನ್ನು ಬಿಡಿಸಿ ನೋಡಿ, ಇವು ಒಟ್ಟಿಗೆ ಬರಲೇಬೇಕು ಅಂತೇನಿಲ್ಲ ಎಂದ. ಒಂದು ಕಡೆ ಹೆಸರಿದೆ, ಪೂಜೆ ಇಲ್ಲ. ಇನ್ನೊಂದು ಕಡೆ ಪೂಜೆ ಇದೆ, ಮದುವೆಯ ಕಟ್ಟಿಲ್ಲ. 1962ರಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಲೆವಿಸ್ತ್ರೋಸ್ ಇನ್ನೂ ಮುಂದೆ ಹೋದ. ಟೋಟೆಮಿಸಂ ಎನ್ನುವುದು ಒಂದು ಧರ್ಮವೇ ಅಲ್ಲ ಎಂದ. ಅದು ವಿಂಗಡಿಸುವ ಒಂದು ಬಗೆ ಅಷ್ಟೆ. ಆನೆ ಬೇರೆ, ಚೇಳು ಬೇರೆ. ಹಾಗೇ ಈ ಮನೆತನ ಬೇರೆ, ಆ ಮನೆತನ ಬೇರೆ.

ಕುರುಬರ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಲೆವಿಸ್ತ್ರೋಸ್ ಮಾತೇ ಸರಿ ಅನ್ನಿಸುತ್ತದೆ. ಮೀಸೆಯನ್ನು ಪೂಜಿಸುವವರು ಯಾರು? ಬಂಡಿಯಿಂದ ಹುಟ್ಟಿದವರು ಯಾರು? ಹೆಸರುಗಳಿಗೆ ಕಥೆಗಳಿರುತ್ತವೆ. ಯಾವನೋ ಮುತ್ತಜ್ಜ ಬಿಲದಲ್ಲಿ ಬಚ್ಚಿಟ್ಟುಕೊಂಡ, ಯಾವಳೋ ಅಜ್ಜಿಯನ್ನು ಹುತ್ತ ಕಾಪಾಡಿತು ಎನ್ನುವಂಥವು. ಕಥೆಗಳು ಚೆಂದವೇ. ಆದರೆ ಹೆಸರು ಮಾಡುವ ಕೆಲಸ ಗುರುತಿಸುವುದು. ಬೆಡಗನ್ನು ಸುಮ್ನೆ ಟೋಟೆಮ್ ಅಂತ ಕರೆದುಬಿಟ್ಟರೆ ಓದುವವರ ತಲೆಯಲ್ಲಿ ಪ್ರಾಣಿಪೂಜೆ ಬಂದು ಕೂರುತ್ತದೆ. ಮದುವೆಯ ಲೆಕ್ಕ ಹಿಂದೆ ಸರಿಯುತ್ತದೆ.

ಜಾರ್ಖಂಡ್ ಸುತ್ತಲಿನ ಛೋಟಾನಾಗಪುರದ ಕಡೆ ಇಂಥ ಕುಲದ ಹೆಸರುಗಳೇ ನೇರವಾಗಿ ಸರ್‌ನೇಮ್ ಆಗಿವೆ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ‘ಮುರ್ಮು’ ಸಂತಾಲರ ಕುಲ, ಅರ್ಥ ನೀಲಗಾಯಿ. ಮಾಜಿ ಹಾಕಿ ಆಟಗಾರ ದಿಲೀಪ್ ಟಿರ್ಕಿ ಅವರ ‘ಟಿರ್ಕಿ’ ಒರಾಂವ್ ಜನರಲ್ಲಿ ಇಲಿಮರಿಯ ಕುಲ. ಅಲ್ಲಿ ಹೆಸರು ಕೇಳಿದ ಕೂಡಲೇ ಕುಲ ಗೊತ್ತಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹಾಗಿಲ್ಲ. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬಂತು. ಬೆಡಗು ಮನೆಯಲ್ಲೇ ಉಳಿಯಿತು.

ಕರಾವಳಿಯ ಬರಿ ಮಾತ್ರ ಸರ್‌ನೇಮ್ ಆಯಿತು. ಸಾಲ್ಯಾನ್, ಕೋಟ್ಯಾನ್, ಬಂಗೇರ, ಕುಂದರ್, ಕರ್ಕೇರ, ಇವೆಲ್ಲ ಬಿಲ್ಲವರಲ್ಲಿ, ಮೊಗವೀರರಲ್ಲಿ ಬರಿಯ ಹೆಸರುಗಳು. ಇಲ್ಲಿ ಒಂದು ತೊಡಕಿದೆ. ಅದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು.

ಬಯಲುಸೀಮೆಯ ಬೆಡಗು ಅಪ್ಪನಿಂದ ಬರುತ್ತದೆ. ತುಳುನಾಡಿನ ಬರಿ ಅಳಿಯಸಂತಾನದ ಪದ್ಧತಿಯವರಲ್ಲಿ ತಾಯಿಯಿಂದ ಬರುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸ ಮದುವೆಯ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಆನೆ ಬೆಡಗಿನ ಮನೆಯಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದಾರೆ ಅಂದುಕೊಳ್ಳಿ. ಅಕ್ಕ ಬನ್ನಿ ಬೆಡಗಿನ ಮನೆಗೆ ಮದುವೆಯಾಗಿ ಹೋದಳು. ಅವಳ ಮಗಳು ಅಪ್ಪನ ಕಡೆಯಿಂದ ಬನ್ನಿ ಬೆಡಗಿನವಳು. ಸೋದರಮಾವ ಆನೆ ಬೆಡಗಿನವನು. ಬೆಡಗು ಬೇರೆ. ಆದ್ದರಿಂದ ಅಕ್ಕನ ಮಗಳನ್ನು ತಂದುಕೊಳ್ಳಲು ಅಡ್ಡಿಯಿಲ್ಲ. ಬಯಲುಸೀಮೆಯಲ್ಲಿ ಇದು ತಲೆತಲಾಂತರದಿಂದ ನಡೆದುಕೊಂಡು ಬಂದ ಸಂಬಂಧ.

ಅದೇ ಅಕ್ಕ-ತಮ್ಮನನ್ನು ತುಳುನಾಡಿಗೆ ಕರೆದುಕೊಂಡು ಹೋಗಿ. ಇಬ್ಬರ ಬರಿಯೂ ತಾಯಿಯದು. ಅಕ್ಕನ ಮಗಳ ಬರಿ ಅಕ್ಕನದೇ. ಅಂದರೆ ಸೋದರಮಾವ, ಸೊಸೆ ಇಬ್ಬರೂ ಒಂದೇ ಬರಿ. ಅಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಮಾತೇ ಇಲ್ಲ. ಅವಳು ಅವನ ಕುಟುಂಬದ ಮುಂದಿನ ಬೇರು. ಒಂದೇ ರಾಜ್ಯದಲ್ಲಿ ಒಂದು ಕಡೆ ಮನೆಮಂದಿಯೆಲ್ಲ ಮೆಚ್ಚುವ ಸಂಬಂಧ, ಘಟ್ಟ ಇಳಿದರೆ ಕೇಳಲೂ ಬಾರದ ಸಂಬಂಧ. ಕಾರಣ, ಹೆಸರು ಯಾರ ಕಡೆಯಿಂದ ಬರುತ್ತದೆ ಎನ್ನುವುದು.

ಈಗ ತೊಡಕಿಗೆ ಬರೋಣ. ಶಾಲೆಯಲ್ಲಿ, ಆಧಾರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಮಗುವಿಗೆ ಅಪ್ಪನ ಸರ್‌ನೇಮ್ ಬರೆಸುವುದು ಎಲ್ಲ ಕಡೆ ರೂಢಿಯಾಯಿತು. ಅಮ್ಮ ಬಂಗೇರ, ಅಪ್ಪ ಸಾಲ್ಯಾನ್. ಬರಿಯ ಲೆಕ್ಕದಲ್ಲಿ ಮಗು ಬಂಗೇರ. ಕಾಗದದಲ್ಲಿ ಸಾಲ್ಯಾನ್. ಎರಡು ತಲೆಮಾರು ಹೀಗೆ ಹೋದರೆ ಸರ್‌ನೇಮ್ ನೋಡಿ ಬರಿ ಹೇಳುವುದು ಆಗದ ಮಾತು. ಇಬ್ಬರು ಸಾಲ್ಯಾನ್‌ಗಳು ಬೇರೆ ಬೇರೆ ಬರಿಯವರಿರಬಹುದು. ಒಬ್ಬ ಸಾಲ್ಯಾನ್, ಒಬ್ಬ ಬಂಗೇರ ಒಂದೇ ಬರಿಯವರಿರಬಹುದು. ಹಿರಿಯರು ಇರುವವರೆಗೆ ಕೇಳಿ ತಿಳಿದುಕೊಳ್ಳಬಹುದು. ಕಾಗದ ನೋಡಿ ತೀರ್ಮಾನ ಮಾಡಿದರೆ ಎರಡೂ ಕಡೆ ತಪ್ಪು.

ಬೆಡಗೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಅಂತಲೂ ಇಲ್ಲ. ಅಕ್ಕ-ತಂಗಿಯರು ಬೇರೆ ಬೇರೆ ಬೆಡಗಿನ ಮನೆ ಸೇರಿದರೆ ಅವರ ಮಕ್ಕಳ ಬೆಡಗು ಬೇರೆಯೇ ಆಗುತ್ತದೆ. ಆದರೂ ಅವರು ಅಣ್ಣ-ತಂಗಿ. ಬೆಡಗು ಬೇರೆ ಅಂತ ಯಾರೂ ಅಲ್ಲಿ ಸಂಬಂಧ ನೋಡುವುದಿಲ್ಲ. ಕೆಲವು ಸಮುದಾಯಗಳಲ್ಲಿ ನಾಲ್ಕಾರು ಬೆಡಗುಗಳು ಸೇರಿ ಒಂದು ಗುಂಪು, ಅವೆಲ್ಲ ಅಣ್ಣತಮ್ಮಂದಿರ ಬೆಡಗುಗಳು ಎಂದು ಲೆಕ್ಕ. ಹೆಸರು ಬೇರೆಯಾದರೂ ಅವುಗಳ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ಮನೆದೇವರು ಒಂದೇ ಆದರೂ ಕೆಲವರು ಹಿಂದೆ ಸರಿಯುತ್ತಾರೆ. ಬೆಡಗು ಹಲವು ಜರಡಿಗಳಲ್ಲಿ ಒಂದು.

ಇನ್ನೊಂದು ತಪ್ಪು ಕಾಲಂ ಮದುವೆಯ ವೆಬ್‌ಸೈಟುಗಳಲ್ಲಿದೆ. ಅಲ್ಲಿ ‘ಗೋತ್ರ’ ಎನ್ನುವ ಕಾಲಂ ಇರುತ್ತದೆ. ಗೋತ್ರ ಬ್ರಾಹ್ಮಣರಲ್ಲಿ ಋಷಿಯ ಹೆಸರಿನಲ್ಲಿ ಬರುವುದು. ಕಾಶ್ಯಪ, ಭಾರದ್ವಾಜ, ವಸಿಷ್ಠ, ಹೀಗೆ. ಒಂದೇ ಗೋತ್ರದಲ್ಲಿ ಮದುವೆ ಇಲ್ಲ ಎನ್ನುವುದರಲ್ಲಿ ಬೆಡಗಿನ ಹಾಗೇ. ಆದರೆ ಬೆಡಗು ಇರುವವರಿಗೆ ಋಷಿಗೋತ್ರ ಇರಬೇಕಂತಿಲ್ಲ. ಪೂಜೆಗೆ ಕೂತಾಗ ಪುರೋಹಿತರು ಗೋತ್ರ ಕೇಳುತ್ತಾರೆ. ಗೊತ್ತಿಲ್ಲ ಅಂದರೆ ‘ಕಾಶ್ಯಪ ಅಂತ ಹೇಳಿ’ ಅನ್ನುತ್ತಾರೆ, ಇಲ್ಲವೇ ಶಿವ ಗೋತ್ರ, ವಿಷ್ಣು ಗೋತ್ರ. ಪೂಜೆಗೆ ಅಷ್ಟು ಸಾಕು. ಅದನ್ನೇ ತಂದು ಮದುವೆಯ ಅರ್ಜಿಯಲ್ಲಿ ತುಂಬಿದಾಗ ತಮಾಷೆ ಶುರು. ಹುಡುಗನದೂ ಶಿವ ಗೋತ್ರ, ಹುಡುಗಿಯದೂ ಶಿವ ಗೋತ್ರ. ಒಂದೇ ಗೋತ್ರವನ್ನು ತೋರಿಸಬೇಡ ಅಂತ ಫಿಲ್ಟರ್ ಹಾಕಿಟ್ಟರೆ ಒಳ್ಳೆಯ ಸಂಬಂಧಗಳೇ ಕಾಣೆ. ಅವರಿಬ್ಬರ ಬೆಡಗು ಬೇರೆ ಎನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಬೆಡಗು ಒಂದೇ ಆಗಿದ್ದು, ಒಬ್ಬರು ಕಾಶ್ಯಪ, ಇನ್ನೊಬ್ಬರು ಶಿವ ಅಂತ ಬರೆದರೂ ಯಂತ್ರ ಜೋಡಿ ಮಾಡಿ ಕೊಡುತ್ತದೆ.

ಇದರ ಹಿಂದೆ ಮೇಲಿನವರನ್ನು ನೋಡಿ ನಡೆಯುವ ಹಳೆಯ ಆಸೆಯೂ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಬರೆದ ಗ್ರಂಥದಲ್ಲಿ ಇದಕ್ಕೆ ಸಂಸ್ಕೃತೀಕರಣ ಎಂಬ ಹೆಸರು ಕೊಟ್ಟರು. ಚೇಳು, ಇರುವೆ ಅಂತ ಹೇಳಿಕೊಳ್ಳಲು ನಾಚಿಕೆ, ಋಷಿಯ ಹೆಸರು ಹೇಳಿದರೆ ಒಂದು ತೂಕ. ನಾಚಿಕೆ ಯಾಕೋ ನನಗೆ ಅರ್ಥವಾಗುವುದಿಲ್ಲ. ನೂರಾರು ವರ್ಷ ಮದುವೆಯ ಲೆಕ್ಕವನ್ನು ಬರಹವೇ ಇಲ್ಲದೆ ನೆನಪಿನಲ್ಲೇ ಕಾಪಾಡಿಕೊಂಡು ಬಂದ ಹೆಸರು ಅದು.

ಹಾಗಂತ ಬೆಡಗಿನ ಹೆಸರಿನಲ್ಲಿ ಇಲ್ಲದ ವಿಜ್ಞಾನವನ್ನು ಹೇಳುವುದೂ ಬೇಡ. ‘ಒಂದೇ ಬೆಡಗಿನಲ್ಲಿ ಮದುವೆಯಾದರೆ ಮಕ್ಕಳಿಗೆ ಕಾಯಿಲೆ, ನಮ್ಮ ಹಿರಿಯರಿಗೆ ಜೀನ್ ಗೊತ್ತಿತ್ತು’ ಎನ್ನುವ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ಹತ್ತು ತಲೆಮಾರು ಹಿಂದಿನ ಒಬ್ಬ ಅಜ್ಜನಿಂದ ನಮಗೆ ಬರುವ ಪಾಲು ಸರಾಸರಿ 1,024ರಲ್ಲಿ ಒಂದು. ಆ ತಲೆಮಾರಿನಲ್ಲಿ ನಮಗೆ ಅಷ್ಟು ಜನ ಪೂರ್ವಜರ ಜಾಗ ಇದೆ. ಬೆಡಗು ಹಿಡಿದುಕೊಳ್ಳುವುದು ಅವರಲ್ಲಿ ಒಬ್ಬನನ್ನು ಮಾತ್ರ, ಅಪ್ಪನ ಅಪ್ಪನ ಅಪ್ಪನ ನೇರ ಗೆರೆಯಲ್ಲಿರುವವನನ್ನು. ಆ ಗೆರೆಯಲ್ಲಿ ಹೆಚ್ಚುಕಡಿಮೆ ಇದ್ದ ಹಾಗೇ ಇಳಿದು ಬರುವುದು ವೈ ಕ್ರೋಮೋಸೋಮ್ ಒಂದೇ. ಅದು ಹೆಣ್ಣುಮಕ್ಕಳಲ್ಲಿ ಇರುವುದೇ ಇಲ್ಲ. ಹಾಗಾಗಿ ದೂರದೂರಿನ ಒಂದೇ ಬೆಡಗಿನ ಹುಡುಗ-ಹುಡುಗಿಯ ನಡುವೆ ರಕ್ತದ ನಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರಬಹುದು.

ಅದೇ ಬೆಡಗಿನ ನಿಯಮ ಸಲೀಸಾಗಿ ಒಪ್ಪುವ ಸೋದರಮಾವ-ಅಕ್ಕನ ಮಗಳ ಸಂಬಂಧದಲ್ಲಿ ಇಬ್ಬರ ನಡುವೆ ಸರಾಸರಿ ಕಾಲು ಭಾಗ ಜೀನ್ ಸಮಾನ. ಅತ್ತೆ ಮಗಳು, ಮಾವನ ಮಗನಾದರೆ ಎಂಟರಲ್ಲಿ ಒಂದು ಭಾಗ. ಕಾಯಿಲೆಯ ಅಪಾಯ ನಿಜವಾಗಿ ಏರುವುದು ಇಂಥ ಹತ್ತಿರದ ಸಂಬಂಧಗಳಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧದೊಳಗಿನ ಮದುವೆಗಳು ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ಹಿರಿಯರು ಜೀನ್ ನೋಡಿ ಬೆಡಗು ಮಾಡಿದ್ದರೆ ಮೊದಲು ತಡೆಯಬೇಕಾಗಿದ್ದು ಇದನ್ನಲ್ವಾ? ಅವರು ನೋಡಿದ್ದು ಬೇರೆ. ಯಾರು ದಾಯಾದಿ, ಯಾರು ಬೀಗರು, ಸಾವಿನ ಸೂತಕ ಯಾರಿಗೆ, ಮದುವೆಯ ಮುಯ್ಯಿ ಯಾರಿಂದ, ಕಷ್ಟ ಬಂದರೆ ಯಾವ ಊರಿನ ಬಾಗಿಲು ತಟ್ಟಬಹುದು ಎನ್ನುವ ಲೆಕ್ಕ. ಅದು ಸಮಾಜದ ಲೆಕ್ಕ, ಲ್ಯಾಬಿನ ಲೆಕ್ಕವಲ್ಲ.

ಕಾನೂನು ಏನು ಹೇಳುತ್ತದೆ? 1946ರಲ್ಲೇ ಒಂದು ಕಾಯ್ದೆ ಬಂದು ಸಗೋತ್ರ ಮದುವೆಗೆ ಇದ್ದ ಅಡ್ಡಿಯನ್ನು ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಗೋತ್ರದ ಅಡ್ಡಿ ಇಲ್ಲ, ಬೆಡಗಿನ ಅಡ್ಡಿ ಇಲ್ಲ. ಅದು ನೋಡುವುದು ಎರಡು ಸಂಗತಿ. ಒಂದು, ಸಪಿಂಡ ಸಂಬಂಧ. ತಾಯಿಯ ಕಡೆಯಿಂದ ಮೂರು ತಲೆಮಾರು, ತಂದೆಯ ಕಡೆಯಿಂದ ಐದು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬರೇ ಹಿರಿಯರು ಇರಬಾರದು. ಇನ್ನೊಂದು, ಹತ್ತಿರದ ನಿಷಿದ್ಧ ಸಂಬಂಧಗಳ ಪಟ್ಟಿ. ಸೋದರಮಾವ, ಅಕ್ಕನ ಮಗಳು ಆ ಪಟ್ಟಿಯಲ್ಲಿದ್ದಾರೆ. ಎರಡಕ್ಕೂ ಒಂದು ಸಡಿಲಿಕೆ ಇದೆ. ಇಬ್ಬರ ಕಡೆಯ ರೂಢಿಯೂ ಒಪ್ಪುವುದಾದರೆ ಮದುವೆ ಸಿಂಧು. ಇದರ ಫಲ ಸ್ವಲ್ಪ ವಿಚಿತ್ರ. ಒಂದೇ ಬೆಡಗಿನ ದೂರದ ಇಬ್ಬರ ಮದುವೆಗೆ ಕಾನೂನಿನ ಅಡ್ಡಿಯೇ ಇಲ್ಲ. ಅಕ್ಕನ ಮಗಳ ಜೊತೆಗಿನ ಮದುವೆ ಸಿಂಧುವಾಗಬೇಕಾದರೆ ರೂಢಿಯ ಆಸರೆ ಬೇಕು. ಹಿರಿಯರ ಪಂಚಾಯ್ತಿ ಮತ್ತು ಕೋರ್ಟು ಇಲ್ಲಿ ಎದುರುಬದುರು ನಿಲ್ಲುತ್ತವೆ.

ಹರಿಯಾಣದ ಕಡೆ ಸಗೋತ್ರ ಮದುವೆಯ ಹೆಸರಿನಲ್ಲಿ ಕೊಲೆಗಳೇ ಆಗಿವೆ. ಅಲ್ಲಿನ ಕುಲದ ಹಿರಿಯರ ಖಾಪ್ ಪಂಚಾಯ್ತಿಗಳು ಸೇರಿ ಹಾಕುವ ಬಹಿಷ್ಕಾರ ಬೇರೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆಗುವ ಮದುವೆಯಲ್ಲಿ ಯಾವ ಪಂಚಾಯ್ತಿಯೂ ತಲೆಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿತು. ಇದು ಬೆಡಗಿಗೂ ಅನ್ವಯ. ಒಂದೇ ಬೆಡಗು ಅಂತ ಮನೆಯವರು ಬೇಜಾರು ಮಾಡಿಕೊಳ್ಳಬಹುದು, ಬುದ್ಧಿ ಹೇಳಬಹುದು. ಅದರಾಚೆಗೆ ಬೆದರಿಕೆ, ಬಹಿಷ್ಕಾರ ಹಾಕಿದರೆ ಅದು ರೂಢಿಯಲ್ಲ, ಅಪರಾಧ.

ಮತ್ತೆ ಗಣತಿಗೆ ಬರೋಣ. ಬೆಡಗನ್ನು ಜಾತಿಯಾಗಿ ಬರೆಸಿದರೆ ನಷ್ಟ ಯಾರಿಗೆ? ಮೊದಲ ನಷ್ಟ ಆ ಸಮುದಾಯಕ್ಕೇ. ಕುಂಚಿಟಿಗರು 48 ಬೆಡಗು ಅಂತ ಹೇಳಿಕೊಳ್ಳುತ್ತಾರೆ. ಅವರಲ್ಲಿ ಸ್ವಲ್ಪ ಜನ ಉಪಜಾತಿ ಕಾಲಮ್ಮಿನಲ್ಲಿ, ಇನ್ನು ಸ್ವಲ್ಪ ಜನ ಜಾತಿ ಕಾಲಮ್ಮಿನಲ್ಲೇ ಬೆಡಗಿನ ಹೆಸರು ಬರೆಸಿದರು ಅಂದುಕೊಳ್ಳಿ. ಒಂದು ಸಮುದಾಯದ ತಲೆಯೆಣಿಕೆ 48 ಕಡೆ ಚದುರಿಹೋಗುತ್ತದೆ. ಆಮೇಲೆ ಅದನ್ನು ಕಚೇರಿಯಲ್ಲಿ ಕೂತು ಕೂಡಿಸುವವರಿಗೆ ಆನೆ ಯಾವ ಜಾತಿಯ ಆನೆ ಅಂತ ಗೊತ್ತಾಗಬೇಕಲ್ಲ? ಆನೆ ಬೆಡಗು ಹಲವು ಜಾತಿಗಳಲ್ಲಿದೆ. ಮೀಸಲಾತಿಯ ಪಟ್ಟಿಗಳಲ್ಲಿ ಇರುವುದು ಜಾತಿ-ಉಪಜಾತಿಗಳ ಹೆಸರು. ಪಟ್ಟಿಯಲ್ಲಿಲ್ಲದ ಹೆಸರು ಬರೆಸಿದವರು ‘ಇತರೆ’ ಎನ್ನುವ ಗುಂಪಿಗೆ ಜಾರಬಹುದು. 2011ರ ಜಾತಿಯ ಅಂಕಿಗಳು ಬಳಕೆಗೆ ಬಾರದೆ ಉಳಿದದ್ದೇ ಇಂಥ ಗೊಂದಲದಿಂದ.

ತಪ್ಪು ಜನರದೇ ಅಂತಲೂ ಅಲ್ಲ. ಅರ್ಜಿಯಲ್ಲಿ ಜಾತಿ, ಉಪಜಾತಿ ಎಂದು ಎರಡು ಖಾನೆ ಕೊಟ್ಟು ಬಿಟ್ಟರೆ, ಉಪಜಾತಿ ಇಲ್ಲದವರು ಖಾಲಿ ಬಿಡಲು ಅಂಜಿ ಏನಾದರೂ ತುಂಬುತ್ತಾರೆ. ಹತ್ತಿರ ಸಿಗುವುದು ಬೆಡಗು. ಗಣತಿದಾರರು ಹೆಚ್ಚಾಗಿ ಶಾಲಾ ಮೇಷ್ಟರು, ಅವರಿಗೂ ಪಕ್ಕದ ಸಮುದಾಯದ ಬೆಡಗುಗಳು ಗೊತ್ತಿರಬೇಕು ಅಂತಿಲ್ಲ. ಕೇಳುವ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು. ‘ಈ ಹೆಸರಿನವರು ತಮ್ಮ ತಮ್ಮಲ್ಲೇ ಹೆಣ್ಣು ಕೊಟ್ಟು ತರುತ್ತಾರಾ?’ ಹೌದು ಅಂದರೆ ಅದು ಜಾತಿ ಇಲ್ಲವೇ ಉಪಜಾತಿ. ಇಲ್ಲ ಅಂದರೆ ಅದು ಬೆಡಗು, ಬಳಿ, ಬರಿ, ಒಕ್ಕ ಇಂಥದ್ದು ಯಾವುದೋ. ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದರೂ ಈ ಪ್ರಶ್ನೆಗೆ ಥಟ್ಟನೆ ಉತ್ತರ ಬರುತ್ತದೆ.

ಈ ವಿಷಯದಲ್ಲಿ ಸರ್ಕಾರಿ ಅರ್ಜಿಗಳಿಗಿಂತ, ದೊಡ್ಡ ವೆಬ್‌ಸೈಟುಗಳಿಗಿಂತ ಸಮುದಾಯದವರೇ ಮಾಡಿಕೊಂಡ ವಧು-ವರರ ಬಯೋಡೇಟಾ ಮುಂದಿದೆ. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಅಂಥ ಹಾಳೆಗಳಲ್ಲಿ ಜಾತಿ-ಉಪಜಾತಿ ಒಂದು ಸಾಲಿನಲ್ಲಿ ಇರುತ್ತದೆ. ಕೆಳಗೆ ‘ಬೆಡಗು’ ಅಂತ ಇನ್ನೊಂದು ಸಾಲು. ಅದರ ಕೆಳಗೆ ಎಷ್ಟೋ ಹಾಳೆಗಳಲ್ಲಿ ‘ಸೋದರಮಾವನ ಬೆಡಗು’ ಅಂತ ಮತ್ತೊಂದು. ಅಪ್ಪನ ಕಡೆಯ ಗೆರೆ, ಅಮ್ಮನ ತವರಿನ ಗೆರೆ, ಎರಡೂ ಅಲ್ಲಿ ಸಿಗುತ್ತವೆ. ಹಿರಿಯರು ಫೋನು ಕೈಗೆ ತೆಗೆದುಕೊಂಡು ಹುಡುಗನ ಸಂಬಳಕ್ಕೂ ಮೊದಲು ಕಣ್ಣಾಡಿಸುವುದು ಆ ಎರಡು ಸಾಲಿನ ಮೇಲೆ.